ಅಪ್ಪನ ಕಡೆಯ ಗುರುತು

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಲ್ಯಾಬಿನ ಸುದ್ದಿ, ಹಾಸ್ಟೆಲ್ ಊಟ, ಮದುವೆ ಮಾತುಕತೆ ಎಲ್ಲ ಓದಿದೆ. ಅದಕ್ಕೆಲ್ಲ ಫೋನಿನಲ್ಲಿ ಉತ್ತರ ಕೊಡುತ್ತೇನೆ. ಆದರೆ ಕೊನೆಯ ಪುಟದಲ್ಲಿ ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಒಂದು ಸಾಲು ಇದೆಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. "ಭತ್ತದ ಕಾಳಿನಲ್ಲೇ ಅಪ್ಪನ ಗುರುತು ಉಳಿಯುತ್ತೆ ಅಂದ್ರೆ ನನ್ನಲ್ಲೂ ಇರುತ್ತೆ ಅಲ್ವಾ ಅತ್ತೆ? ನನ್ನ ಮಗುವಿಗೂ ಹೋದರೆ?"

ನಿಮ್ಮಪ್ಪ ನನ್ನ ತಮ್ಮ. ಅವನ ಸಿಟ್ಟಿನ ಆ ದಿನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ನಿನಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇಲ್ಲ. ನನಗೆ ಕಳವಳ ಆಗಿದ್ದು ನೀನು ಓದುತ್ತಿರುವ ಪಾಠವೇ ನಿನ್ನನ್ನು ಹೆದರಿಸುತ್ತಿದೆಯಲ್ಲ ಎಂದು. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು, ನಿನ್ನಷ್ಟು ಆಳಕ್ಕೆ ಹೋದವಳಲ್ಲ. ಆದರೂ ಇದೊಂದು ಗಟ್ಟಿಯಾಗಿ ಹೇಳುತ್ತೇನೆ. ಇಂಪ್ರಿಂಟಿಂಗ್ ಎಂದರೆ ಒಂದು ಜೀನ್ ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ಎಂಬುದರ ಮೇಲೆ ಅದು ಕೆಲಸ ಮಾಡುವುದೋ ಸುಮ್ಮನಿರುವುದೋ ತೀರ್ಮಾನವಾಗುವುದು ತಾನೆ. ಆ ಗುರುತು ಅಪ್ಪ ಹೇಗಿದ್ದ ಎಂದು ಬರೆದಿಡುವುದಿಲ್ಲ. ಯಾವ ಕಡೆಯಿಂದ ಬಂತು ಎಂದಷ್ಟೇ ಹೇಳುತ್ತದೆ.

ಕರ್ಮಿಕಲ್ ಎಂಬ ವಿಜ್ಞಾನಿ 1970ರಲ್ಲಿ ಮೆಕ್ಕೆಜೋಳದಲ್ಲಿ ತೋರಿಸಿದ್ದನ್ನೇ ನೋಡು. ಬಣ್ಣ ಕೊಡುವ ಆರ್ ಜೀನ್ ತಾಯಿಯಿಂದ ಬಂದರೆ ಕಾಳು ಪೂರ್ತಿ ಬಣ್ಣ. ಅದೇ ಜೀನ್ ಪರಾಗದಿಂದ ಬಂದರೆ ಕಾಳಿನ ಮೇಲೆ ಮಚ್ಚೆ ಮಚ್ಚೆ. ಕಾಳಿನ ತಿರುಳಿಗೆ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದೇ ಪಾಲು ಬರುತ್ತದಲ್ಲ, ಅದಕ್ಕೇ ಹೀಗಿರಬಹುದು ಎಂದು ಯಾರಿಗಾದರೂ ಅನಿಸುತ್ತದೆ. ಅವರು ಅದನ್ನೂ ಪರೀಕ್ಷೆ ಮಾಡಿದರು, ಕಾರಣ ಅದಲ್ಲ. ಆ ತಂದೆ ಗಿಡ ಒಳ್ಳೆಯ ಮಣ್ಣಲ್ಲಿ ಬೆಳೆದಿತ್ತೋ, ಕೆಟ್ಟ ಮಳೆಯಲ್ಲಿ ಕೊಳೆತಿತ್ತೋ ಎಂಬ ಮಾತೇ ಅಲ್ಲಿಲ್ಲ.

ಈಗ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಾರೆ. ನಿನ್ನ ಪತ್ರ ಓದಿದ ಮೇಲೆ ಒಂದು ಹಸಿ ಅಡಿಕೆ ತೆಗೆದುಕೊಂಡು ಉದ್ದಕ್ಕೆ ಸೀಳಿದೆ. ಬಿಳಿ ತಿರುಳು, ಅದರೊಳಗೆ ಸಿಪ್ಪೆ ಕಡೆಯಿಂದ ನುಗ್ಗಿದ ಕಂದು ಗೆರೆಗಳು. ನಾವು ಬೇಯಿಸಿ, ಒಣಗಿಸಿ ಮಾರುವುದೆಲ್ಲ ಆ ತಿರುಳು, ಅಂದರೆ ಎಂಡೋಸ್ಪರ್ಮ್. ತೊಟ್ಟಿನ ಕಡೆ ಬುಡದಲ್ಲಿ ಒಂದು ಸಣ್ಣ ಮೊಳಕೆ ಇರುತ್ತದೆ, ಗಿಡವಾಗುವುದು ಅದೊಂದೇ. ಉಳಿದದ್ದೆಲ್ಲ ಅದಕ್ಕೆ ಊಟ. ಗಿಡಗಳಲ್ಲಿ ಈ ಅಪ್ಪ-ಅಮ್ಮನ ಗುರುತಿನ ಆಟ ಹೆಚ್ಚುಕಡಿಮೆ ಎಲ್ಲ ನಡೆಯುವುದು ಆ ಊಟದ ಭಾಗದಲ್ಲಿ. ಮೊಳಕೆ ಎದ್ದ ಮೇಲೆ ಅದು ಕರಗಿಹೋಗುತ್ತದೆ, ಮುಂದಿನ ತಲೆಮಾರಿಗೆ ಅದರಿಂದ ಏನೂ ಹೋಗುವುದಿಲ್ಲ. ಸಾಸಿವೆ ಜಾತಿಯ ಸಣ್ಣ ಗಿಡ ಅರಾಬಿಡಾಪ್ಸಿಸ್‌ನ ಎಫ್‌ಡಬ್ಲ್ಯುಎ ಜೀನ್ ಗಿಡದಲ್ಲೆಲ್ಲ ಮೀಥೈಲ್ ಗುರುತು, ಅಂದರೆ ಡಿಎನ್ಎ ಮೇಲೆ ಅಂಟಿ ಜೀನನ್ನು ಸುಮ್ಮನಿರಿಸುವ ಒಂದು ರಾಸಾಯನಿಕ ಗುರುತು, ಹೊತ್ತು ಸುಮ್ನೆ ಇರುತ್ತದೆ. ಗಿಡ ಬೆಳೆದ ಹಾಗೆ ಆ ಗುರುತನ್ನು ಉಳಿಸಿಕೊಂಡು ಹೋಗುವುದು ಮೆಟ್-1 ಎಂಬ ಕಿಣ್ವ. ಮುಂದೆ ತಿರುಳಾಗುವ ತಾಯಿಯ ಕೇಂದ್ರ ಕೋಶದಲ್ಲಿ ಮಾತ್ರ ಡಿಮೀಟರ್ ಎಂಬ ಕಿಣ್ವ ಆ ಗುರುತನ್ನು ಕತ್ತರಿಸಿ ತೆಗೆಯುತ್ತದೆ, ಜೀನ್ ಎಚ್ಚರವಾಗುತ್ತದೆ. ನಿನ್ನ ಭತ್ತದಲ್ಲಿ ಆ ಕೆಲಸ ರಾಸ್-1ಎ ಕಿಣ್ವದ್ದು, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ತೆಗೆದ ಗುರುತನ್ನು ಮತ್ತೆ ಹಾಕುವ ಕೆಲಸವೇ ಇಲ್ಲ, ಯಾಕೆಂದರೆ ಆ ಕೋಶದ ಸಂತಾನ ಕಾಳಿನೊಳಗೇ ಮುಗಿಯುತ್ತದೆ.

ತಂದೆ ಕಡೆಯ ಪ್ರತಿ ಸುಮ್ಮನಿದ್ದರೆ ಅದು ಕೆಟ್ಟಿದೆ ಎಂದೂ ಅಲ್ಲ. ಅದೇ ಅರಾಬಿಡಾಪ್ಸಿಸ್ ಗಿಡದ ಮಿಡಿಯಾ ಜೀನಿನಲ್ಲಿ ತಂದೆಯ ಪ್ರತಿ ಚೆನ್ನಾಗಿಯೇ ಇರುತ್ತದೆ. ಪಾಲಿಕೋಂಬ್ ಪ್ರೋಟೀನುಗಳು ಡಿಎನ್ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನಿನ ಮೇಲೆ ಗುರುತು ಹಾಕಿ ಅದನ್ನು ಸುಮ್ಮನಿರಿಸುತ್ತವೆ, ಅಷ್ಟೇ. ತಾಯಿಯ ಪ್ರತಿ ಕೆಟ್ಟರೆ ಬೀಜವೇ ಸಾಯುತ್ತದೆ.

ಇಷ್ಟು ಹೇಳಿದರೂ ನಿನ್ನ ಭಯ ಹೋಗುವುದಿಲ್ಲ ಎಂದು ಗೊತ್ತು. ನನಗೂ ಹೋಗಿರಲಿಲ್ಲ. ನಾನು ಮದುವೆ ಬೇಡ ಎಂದದ್ದಕ್ಕೆ ಮನೆಯಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ. ಕೆಲಸ ಸಿಕ್ಕಿತ್ತು, ತೋಟ ನೋಡುವವರು ಇರಲಿಲ್ಲ, ಅಮ್ಮನಿಗೆ ಹುಷಾರಿರಲಿಲ್ಲ ಅಂತೆಲ್ಲ. ಎಲ್ಲವೂ ನಿಜವೇ. ಆದರೆ ಒಳಗೆ ಇದ್ದದ್ದು ನೀನು ಬರೆದ ಸಾಲೇ. ನಿಮ್ಮಜ್ಜನ ಸಿಟ್ಟು ನಿಮ್ಮಪ್ಪನಲ್ಲಿ ಹಾಗೇ ಎದ್ದು ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ, ಇದು ನನ್ನಲ್ಲೂ ಎಲ್ಲೋ ಕೂತಿದೆ, ಮಗು ಹುಟ್ಟಿದರೆ ಅದರಲ್ಲಿ ಏಳುತ್ತದೆ ಎಂದು ಒಬ್ಬಳೇ ನಿರ್ಧಾರ ಮಾಡಿಬಿಟ್ಟಿದ್ದೆ. ಯಾರನ್ನೂ ಕೇಳಲಿಲ್ಲ, ಕೇಳುವುದಕ್ಕೆ ಯಾರೂ ಇರಲಿಲ್ಲ. ಮಳೆಗಾಲದ ರಾತ್ರಿ ಈಗಲೂ ಅದೇ ನೆನಪು. ಇದೆಲ್ಲ ನಿನಗೆ ಹೇಳಬೇಕಿತ್ತೋ ಇಲ್ಲವೋ, ಬರೆದಾಯಿತು.

ಆ ಕಾಲದಲ್ಲಿ ನನಗೆ ಯಾರಾದರೂ ಹೇಳಬೇಕಿದ್ದ ಮಾತು ಇದು. ಮನುಷ್ಯರಲ್ಲಿ ಇಂಪ್ರಿಂಟಿಂಗ್ ಗುರುತುಗಳು ಪ್ರತಿ ತಲೆಮಾರಿನಲ್ಲೂ ಅಳಿಸಿ ಹೊಸದಾಗಿ ಬೀಳುತ್ತವೆ. ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದಾಗಲೇ, ಮುಂದೆ ನಿನ್ನ ಅಂಡಾಣುಗಳಾಗುವ ಕೋಶಗಳಲ್ಲಿ ಅಪ್ಪನ ಕಡೆಯ ಗುರುತು ಅಳಿಸಿಹೋಗಿದೆ. ಅಂಡಾಣು ಬೆಳೆಯುವಾಗ ಅಲ್ಲಿ ಬೀಳುವುದು ತಾಯಿಯ ಗುರುತು. ಅಂದರೆ ನಿನ್ನದು. ನಿಮ್ಮಪ್ಪನಿಂದ ಬಂದ ಜೀನ್ ಕೂಡ ನಿನ್ನ ಮಗುವಿಗೆ ಹೋಗುವಾಗ ತಾಯಿಯ ಕಡೆಯದು ಎಂದೇ ಹೋಗುತ್ತದೆ.

ನೀನು ಈಗ ಲಿನೇರಿಯಾ ಹೂವಿನ ಮಾತು ತೆಗೆಯುತ್ತೀಯ, ಗೊತ್ತು. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಬೆರಗಾದ ಆ ವಿಚಿತ್ರ ಹೂವಿನಲ್ಲಿ ಮೀಥೈಲ್ ಗುರುತು ತಲೆಮಾರು ದಾಟಿತ್ತು ಎಂದು 1999ರಲ್ಲಿ ತಿಳಿದದ್ದು ಹೌದು. ಅದು ಇಂಪ್ರಿಂಟಿಂಗ್ ಅಲ್ಲ, ಬೇರೆ ವಿಷಯ. ಅಲ್ಲೂ ಕೆಲವು ಟೊಂಗೆಗಳಲ್ಲಿ ಗುರುತು ಕಡಿಮೆಯಾಗಿ ಹೂವು ಮೊದಲಿನ ಹಾಗೇ ಬಿಟ್ಟಿತ್ತು, ಅದನ್ನೂ ಓದು. ಸಿಟ್ಟಿಗೂ ರಕ್ತಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಜೀನ್ ಒಂದು, ಮನೆಯಲ್ಲಿ ನೋಡಿ ಕಲಿಯುವುದು ಇನ್ನೊಂದು. ಇವೆರಡನ್ನೂ ಭತ್ತದ ಕಾಳಿನ ಪಾಠದಲ್ಲಿ ಹುಡುಕಬೇಡ ಎಂದಷ್ಟೇ ಹೇಳುವುದು.

ರಾತ್ರಿ ಹೊತ್ತು ಸಂಶೋಧನಾ ಪೇಪರ್ ಓದುತ್ತಾ ನಮ್ಮ ಮನೆಯ ಲೆಕ್ಕ ಹಾಕಬೇಡ. ಹೇಳುವುದು ಸುಲಭ, ನಾನೇ ಪಾಲಿಸಿದವಳಲ್ಲ. ಭಯ ಹೀಗೇ ಕಾಡಿದರೆ ಒಬ್ಬ ಒಳ್ಳೆಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಮಾತಾಡು, ಖರ್ಚು ನಾನು ಕೊಡುತ್ತೇನೆ. ಆ ಹುಡುಗನಿಗೂ ನಿಮ್ಮಪ್ಪನ ವಿಷಯ ನೀನೇ ಹೇಳು, ಬೇರೆಯವರಿಂದ ತಿಳಿಯುವುದು ಬೇಡ. ಅವನು ಹೇಗೆ ತೆಗೆದುಕೊಳ್ಳುತ್ತಾನೋ ನಾನು ಹೇಗೆ ಹೇಳಲಿ, ಆದರೂ ಹೇಳು. ಮದುವೆ ಬೇಡ ಎನ್ನುವುದಾದರೆ ಹುಡುಗ ಇಷ್ಟವಿಲ್ಲ ಎನ್ನು, ಓದು ಮುಗಿಯಲಿ ಎನ್ನು, ನಾನು ನಿನ್ನ ಪರವಾಗಿ ನಿಂತು ಮಾತಾಡುತ್ತೇನೆ. ಈ ಕಾರಣಕ್ಕೆ ಮಾತ್ರ ಬೇಡ ಎನ್ನಬೇಡ ಮಾರಾಯ್ತಿ.

ನಿನ್ನ ಅತ್ತೆ