ಗೆಜ್ಜೆಯ ಅಳತೆ

ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಅಮೆರಿಕದಲ್ಲಿ ರಜೆ. ಕೆಲವು ಊರುಗಳಲ್ಲಿ ಅದು ಕೊಲಂಬಸ್ ದಿನ, ಇನ್ನು ಕೆಲವು ಕಡೆ ಮೂಲನಿವಾಸಿಗಳ ದಿನ. ಬರ್ಕ್ಲಿ ನಗರ 1992ರಲ್ಲಿಯೇ ಹೆಸರು ಬದಲಿಸಿತು. ಅಮೆರಿಕದಲ್ಲಿ ನೆಲೆಸಿದ ನಮ್ಮಲ್ಲಿ ಬಹುಪಾಲು ಜನರಿಗೆ ಅದು ನವರಾತ್ರಿಯ ಆಸುಪಾಸಿನಲ್ಲಿ ಒದಗಿಬರುವ ಅನುಕೂಲದ ರಜೆ, ಅಷ್ಟೇ. ಆದರೆ ಸರ್ಕಾರಿ ಅರ್ಜಿಗಳಲ್ಲಿ ‘ಅಮೆರಿಕನ್ ಇಂಡಿಯನ್’, ‘ಏಷ್ಯನ್ ಇಂಡಿಯನ್’ ಎಂಬ ಎರಡು ಚೌಕಗಳ ಮುಂದೆ ಪೆನ್ನು ಹಿಡಿದು ಕ್ಷಣಕಾಲ ತಡೆದವರಿಗೆಲ್ಲ ಕೊಲಂಬಸನ ಸಮುದ್ರಯಾನದೊಡನೆ ಒಂದು ಸಂಬಂಧವಿದೆ: ನಮ್ಮ ನಾಡನ್ನು ಹುಡುಕಿ ಹೊರಟವನು ನಮ್ಮ ಹೆಸರನ್ನು ಬೇರೊಬ್ಬರಿಗೆ ಅಂಟಿಸಿಬಿಟ್ಟ. ಆ ಬೇರೊಬ್ಬರ ಪೈಕಿ ಮೊದಲಿಗರಾದ ತೈನೊ ಜನರ ವಿಷಯವಾಗಿ, ಅದರಲ್ಲಿಯೂ ಒಂದು ಗೆಜ್ಜೆಯ ವಿಷಯವಾಗಿ, ಈ ಸಂಚಿಕೆಯಲ್ಲಿ ಬರೆಯಬೇಕೆನಿಸಿದೆ.

1492ರ ಅಕ್ಟೋಬರ್ 12ರಂದು ಬಹಾಮಾದ ಗ್ವಾನಹಾನಿ ದ್ವೀಪದಲ್ಲಿ ಇಳಿದ ಕೊಲಂಬಸ್ ಅಲ್ಲಿಯವರಿಗೆ ಕೊಟ್ಟದ್ದು ಕೆಂಪು ಟೋಪಿ ಮತ್ತು ಗಾಜಿನ ಮಣಿ. ಕೆಲವರ ಮೂಗಿನಲ್ಲಿ ತೂಗುತ್ತಿದ್ದ ಚಿನ್ನದ ಚೂರುಗಳನ್ನು ಕಂಡು, ಅದು ಎಲ್ಲಿ ಸಿಗುತ್ತದೆಂದು ಮರುದಿನವೇ ವಿಚಾರಿಸತೊಡಗಿದನೆಂದು ಅವನ ದಿನಚರಿಯೇ ಹೇಳುತ್ತದೆ. ಮುಂದೆ ಜನ ಎಲ್ಲಕ್ಕಿಂತ ಹೆಚ್ಚಾಗಿ ಮರುಳಾದದ್ದು ಮಾತ್ರ ಗೆಜ್ಜೆಗೆ. ಯುರೋಪಿನ ಸಿರಿವಂತರು ಬೇಟೆಗೆ ಬಿಟ್ಟ ಗಿಡುಗ ಎಲ್ಲಿ ಇಳಿಯಿತೆಂದು ತಿಳಿಯಲು ಅದರ ಕಾಲಿಗೆ ಕಟ್ಟುತ್ತಿದ್ದ ಪುಟ್ಟ ಲೋಹದ ಗೆಜ್ಜೆ ಅದು. ನಮ್ಮ ಕಣ್ಣಿಗೆ ಎಳೆಗರುವಿನ ಕೊರಳಲ್ಲಿ ಕಾಣುವಂಥದೇ. ನಾವು ಘಲ್ ಘಲ್ ಎನ್ನುವಂತೆ ತೈನೊಗಳು ಅದನ್ನು ‘ಚುಕ್ ಚುಕೆ’ ಎಂದು ಕರೆದರು, ಚಿನ್ನದ ತುಂಡು ಕೊಟ್ಟು ಗೆಜ್ಜೆ ಕೊಂಡರು.

ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯಗಳಾಗಿ ಹಂಚಿಹೋಗಿರುವ ಹಿಸ್ಪಾನಿಯೋಲಾ ದ್ವೀಪದ ಬಳಿ, ಅದೇ ಡಿಸೆಂಬರಿನ ಕ್ರಿಸ್‌ಮಸ್ ರಾತ್ರಿ, ಸಾಂತಾ ಮರಿಯಾ ಹಡಗು ದಿಬ್ಬಕ್ಕೆ ಸಿಕ್ಕಿಕೊಂಡಿತು. ಸ್ಥಳೀಯ ನಾಯಕ ಗ್ವಾಕನಗರಿ ತನ್ನ ಜನರನ್ನು ದೋಣಿಗಳೊಡನೆ ಕಳುಹಿಸಿ ಸಾಮಾನನ್ನೆಲ್ಲ ದಡ ಸೇರಿಸಿದ. ಒಂದು ಚಿಕ್ಕ ವಸ್ತುವೂ ಕಳುವಾಗಲಿಲ್ಲವೆಂದು ಕೊಲಂಬಸನೇ ಮೆಚ್ಚಿ ಬರೆದಿದ್ದಾನೆ. ಇಷ್ಟು ಸಜ್ಜನರಾದವರು ಒಳ್ಳೆಯ ಆಳುಗಳಾಗುತ್ತಾರೆಂಬ ಲೆಕ್ಕಾಚಾರವೂ ಅದೇ ದಿನಚರಿಯಲ್ಲಿದೆ. ನನ್ನನ್ನು ಕಾಡುವುದು ಹಿಂಸೆಯ ವಿವರಗಳಿಗಿಂತ ಹೆಚ್ಚಾಗಿ ಮೆಚ್ಚುಗೆ ಮತ್ತು ಲೆಕ್ಕ ಒಂದೇ ಲೇಖನಿಯಿಂದ ಬಂದ ಈ ಬಗೆ.

ಲೆಕ್ಕಕ್ಕೆ ಕಾರಣವಿತ್ತು. 1492ರ ಏಪ್ರಿಲ್‌ನಲ್ಲಿ ಸ್ಪೇನಿನ ಅರಸರೊಡನೆ ಆದ ಒಪ್ಪಂದದ ಪ್ರಕಾರ, ದೊರೆಯುವ ಸಂಪತ್ತಿನ ಹತ್ತನೆಯ ಒಂದು ಪಾಲು ಕೊಲಂಬಸನದು. 1493ರಲ್ಲಿ ಅವನು ಎರಡನೆಯ ಸಲ ಹೊರಟಾಗ ಹದಿನೇಳು ಹಡಗುಗಳು, ಸಾವಿರಕ್ಕೂ ಮಿಕ್ಕಿ ಜನ. ಅವರಿಗೆಲ್ಲ ಚಿನ್ನದ ಆಸೆ ಹುಟ್ಟಿಸಿದ್ದವನೂ ಅವನೇ. ಆದರೆ ದ್ವೀಪದಲ್ಲಿ ಸಿಗುತ್ತಿದ್ದದ್ದು ಹೊಳೆಯ ಮರಳಿನಲ್ಲಿ ಬೆರೆತ ಪುಡಿ. ಚಿನ್ನ ಸಾಲದಾದಾಗ 1495ರ ಆರಂಭದಲ್ಲಿ ಸಾವಿರದೈನೂರರಷ್ಟು ತೈನೊಗಳನ್ನು ಹಿಡಿದು, ಐನೂರು ಮಂದಿಯನ್ನು ಗುಲಾಮರನ್ನಾಗಿ ಮಾರಲು ಸ್ಪೇನಿಗೆ ರವಾನಿಸಲಾಯಿತು. ಸುಮಾರು ಇನ್ನೂರು ಮಂದಿ ದಾರಿಯಲ್ಲಿಯೇ ಸತ್ತರು.

ಬಳಿಕ ಬಂದದ್ದು ಕಪ್ಪದ ಕಟ್ಟಳೆ. ಚಿನ್ನದ ಸೀಮೆಯಲ್ಲಿ ಹದಿನಾಲ್ಕು ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ಅಳೆದು ಕೊಡಬೇಕು; ಉಳಿದೆಡೆಯವರು ಇಪ್ಪತ್ತೈದು ಪೌಂಡು ಹತ್ತಿ ಕೊಡಬೇಕು. ಕೊಟ್ಟವರು ಅದರ ಗುರುತಾಗಿ ಕೊರಳಲ್ಲಿ ಲೋಹದ ಬಿಲ್ಲೆ ಧರಿಸಬೇಕು, ಬಿಲ್ಲೆಯಿಲ್ಲದೆ ಸಿಕ್ಕವರಿಗೆ ಶಿಕ್ಷೆ. ಮೂರು ವರ್ಷದ ಹಿಂದೆ ಉಡುಗೊರೆಯಾಗಿ ಬಂದಿದ್ದ ಗೆಜ್ಜೆ ಈಗ ಕೊಳಗವಾಯಿತು.

ಗ್ವಾರಿಯೋನೆಕ್ಸ್ ಎಂಬ ನಾಯಕ ಇದಕ್ಕೆ ಕೊಟ್ಟ ಉತ್ತರ ಒಬ್ಬ ಒಕ್ಕಲಿಗನ ಉತ್ತರ. ತನ್ನ ಜನಕ್ಕೆ ಚಿನ್ನ ಹೆಕ್ಕುವ ಕಸುಬು ಗೊತ್ತಿಲ್ಲ, ಅದರ ಬದಲು ದ್ವೀಪದ ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಹೊಲ ಮಾಡಿ ನಿಮಗೆ ಬೇಕಾದ ಆಹಾರವನ್ನೆಲ್ಲ ಬೆಳೆದು ಕೊಡುತ್ತೇವೆ ಎಂದ. ಸ್ವತಃ ಹೊಟ್ಟೆಗಿಲ್ಲದೆ ಸಾಯುತ್ತಿದ್ದ ವಲಸೆಗಾರರು ಈ ಮಾತನ್ನು ಕಣ್ಣಿಗೊತ್ತಿಕೊಳ್ಳಬೇಕಾಗಿತ್ತು. ಆದರೆ ಕೊಲಂಬಸ್ ಹುಟ್ಟಿಸಿದ್ದ ಚಿನ್ನದ ಆಸೆ ಅನ್ನದಿಂದ ತೀರುವುದಿಲ್ಲ. ಕೊಲಂಬಸ್ ಮಾಡಿದ ಉಪಕಾರವೆಂದರೆ ಕಪ್ಪವನ್ನು ಅರ್ಧ ಗೆಜ್ಜೆಗೆ ಇಳಿಸಿದ್ದು.

ಇಲ್ಲಿ ಒಂದು ಮಾತು. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೋ ಡ ಗಾಮನೂ ಇಂಥದೇ ಟೋಪಿ, ಹವಳದ ಸರಗಳನ್ನು ಅಲ್ಲಿಯ ಅರಸ ಸಾಮೂದಿರಿಗೆ ಕಾಣಿಕೆಯಾಗಿ ತೆಗೆದಿಟ್ಟಾಗ ಅಲ್ಲಿಯ ಅಧಿಕಾರಿಗಳು ನಕ್ಕುಬಿಟ್ಟರು. ಪೇಟೆಯ ದರ ಬಲ್ಲವರ ಮುಂದೆ ಆ ಸರಕು ನಡೆಯಲಿಲ್ಲ. 1502ರಲ್ಲಿ ಅದೇ ಗಾಮ ಫಿರಂಗಿಗಳೊಡನೆ ಮರಳಿದಾಗ ಮಾತ್ರ ನಮ್ಮ ಭಟ್ಕಳವೂ ಅಕ್ಕಿಯ ಕಪ್ಪಕ್ಕೆ ಒಪ್ಪಬೇಕಾಯಿತು. ಆದ್ದರಿಂದ ತೈನೊಗಳು ಮುಗ್ಧರಾಗಿದ್ದುದರಿಂದ ಕೆಟ್ಟರು ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಅವರ ನಾಶಕ್ಕೆ ಸಿಡುಬೇ ಕಾರಣವೆಂಬ ಮಾತೂ ಅರ್ಧಸತ್ಯ. ದ್ವೀಪದ ಮೂಲ ಜನಸಂಖ್ಯೆ ಎಷ್ಟಿತ್ತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ; ಆದರೆ 1514ರಲ್ಲಿ ಸ್ಪೇನಿನವರು ದುಡಿಮೆಗಾಗಿ ಹಂಚಿಕೊಳ್ಳಲು ಎಣಿಸಿದಾಗ ಸಿಕ್ಕವರು ಸುಮಾರು ಇಪ್ಪತ್ತಾರು ಸಾವಿರ ಮಾತ್ರ, ಸಿಡುಬು ಅಲ್ಲಿಗೆ ಕಾಲಿಟ್ಟದ್ದು 1518ರ ಕೊನೆಯಲ್ಲಿ. ಬೇರೆ ಜಾಡ್ಯಗಳೊಡನೆ ಗಣಿಯ ದುಡಿಮೆ, ಬಿತ್ತನೆಯಿಲ್ಲದ ಹೊಲ, ಹಸಿವು ಆ ಹೊತ್ತಿಗಾಗಲೇ ತಮ್ಮ ಕೆಲಸ ಮಾಡಿದ್ದವು. ಇದನ್ನೆಲ್ಲ ಬರೆದಿಟ್ಟ ಪಾದ್ರಿ ಲಾಸ್ ಕಾಸಾಸ್ ಕೂಡ 1514ರವರೆಗೆ ತನ್ನ ಪಾಲಿನ ಆಳುಗಳನ್ನು ಇಟ್ಟುಕೊಂಡಿದ್ದವನೇ. ಅವನ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು, ಅವನ ಪಶ್ಚಾತ್ತಾಪವನ್ನು ಸಂಶಯಿಸಬೇಕಾಗಿಲ್ಲ.

ಗ್ವಾರಿಯೋನೆಕ್ಸ್ ಕಡೆಗೆ ಬೆಟ್ಟ ಸೇರಿ, ಸೆರೆಸಿಕ್ಕು, 1502ರಲ್ಲಿ ಸಂಕೋಲೆಯೊಡನೆ ಸ್ಪೇನಿಗೆ ಹೊರಟ ಹಡಗನ್ನೇರಿದ. ಆ ನೌಕಾಪಡೆಯಲ್ಲಿ ಅಪಾರ ಚಿನ್ನವಿತ್ತು. ಅದರಲ್ಲಿ ಒಬ್ಬ ತೈನೊ ಹೆಂಗಸಿಗೆ ಹೊಳೆಯ ಬದಿಯಲ್ಲಿ ಸಿಕ್ಕ ಒಂದು ಭಾರಿ ಗಟ್ಟಿಯೂ ಸೇರಿತ್ತು. ಸಿಕ್ಕ ದಿನ ಗಣಿಯ ಒಡೆಯರು ಹಂದಿ ಸುಟ್ಟು ಅದರ ಮೇಲೆಯೇ ಬಡಿಸಿಕೊಂಡು, ಇಂಥ ತಟ್ಟೆಯಲ್ಲಿ ಯಾವ ರಾಜನೂ ಉಂಡಿಲ್ಲವೆಂದು ಬೀಗಿದ್ದರಂತೆ. ಹಡಗುಗಳು ಹೊರಟ ಬೆನ್ನಿಗೇ ಬಿರುಗಾಳಿ ಎದ್ದಿತು. ಸುಮಾರು ಇಪ್ಪತ್ತು ಹಡಗುಗಳೊಡನೆ ನಾಯಕನೂ ಮುಳುಗಿದ, ಗಟ್ಟಿಯೂ ಮುಳುಗಿತು. ಸ್ಪೇನ್ ಮುಟ್ಟಿದ್ದು ಆ ಪಡೆಯಲ್ಲಿ ತೀರ ದುರ್ಬಲವೆನಿಸಿದ್ದ ಒಂದು ಸಣ್ಣ ಹಡಗು. ಅದರಲ್ಲಿದ್ದದ್ದು ಕೊಲಂಬಸನ ಪಾಲಿನ ಚಿನ್ನ.