ಕಾರಿನ ಎಸಿ ವಾಸನೆಗೆ ಸೆಂಟು ಮದ್ದಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದ ಕೂಡಲೇ ಹುಬ್ಬಳ್ಳಿ-ಧಾರವಾಡದ ಗ್ಯಾರೇಜುಗಳಿಗೆ ಒಂದೇ ದೂರು ಬರತೊಡಗುತ್ತದೆ: ಎಸಿ ಹಾಕಿದ ಮೊದಲ ಎರಡು ನಿಮಿಷ ಮುಗ್ಗಿದ ವಾಸನೆ, ಆಮೇಲೆ ಕಡಿಮೆ. ಬಹಳ ಜನ ಡ್ಯಾಶ್‌ಬೋರ್ಡಿನ ಮೇಲೆ ಸೆಂಟಿನ ಬಾಟಲಿ ಇಟ್ಟು ಸುಮ್ಮನಾಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಮುಗ್ಗಲೂ ಮಲ್ಲಿಗೆಯೂ ಕೂಡಿ ತಲೆನೋವು ತರುತ್ತವೆ. ಕಾರಿನ ಎಸಿ ಕೆಲಸ ಮಾಡುವ ನಾವು ಹೇಳುವುದಿಷ್ಟೇ: ಈ ವಾಸನೆಯ ಮೂಲ ಒಳಗೆ ನಿಂತ ನೀರು. ಅದಕ್ಕೆ ಹೊರದಾರಿ ಮಾಡಿಕೊಟ್ಟರೆ ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚುವ ಪ್ರಸಂಗವೇ ಬರುವುದಿಲ್ಲ.

ಡ್ಯಾಶ್‌ಬೋರ್ಡಿನ ಒಳಗೆ ಅಲ್ಯೂಮಿನಿಯಂ ಕೂಲಿಂಗ್ ಕಾಯಿಲ್ ಇರುತ್ತದೆ. ತಣ್ಣೀರು ತುಂಬಿದ ತಂಬಿಗೆ ಬೆವರುವ ಹಾಗೆ, ಎಸಿ ನಡೆಯುವಾಗ ಗಾಳಿಯ ತೇವ ಅದರ ಮೈಮೇಲೆ ನೀರಾಗಿ ಇಳಿಯುತ್ತದೆ. ಆ ನೀರು ಕೆಳಗಿನ ತಟ್ಟೆಗೆ ಬಿದ್ದು ಒಂದು ಸಣ್ಣ ಪೈಪಿನಿಂದ ರಸ್ತೆಗೆ ಹೋಗಬೇಕು. ನಮ್ಮ ಕಡೆಯ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಕಾಯಿಲ್‌ನ ತೆಳು ಪಟ್ಟಿಗಳ ನಡುವೆ ಕೂತು ಒದ್ದೆಯಾದರೆ ರಾಡಿಯಾಗುತ್ತದೆ, ರಾಡಿಗೆ ಬೂಸ್ಟು ಹಿಡಿಯುತ್ತದೆ. ರಾತ್ರಿಯಿಡೀ ಕಿಟಕಿ ಮುಚ್ಚಿ ನಿಂತ ಕಾರು ಬೂಸ್ಟಿಗೆ ಹೇಳಿ ಮಾಡಿಸಿದ ಜಾಗ. ಬೆಳಗ್ಗೆ ಬ್ಲೋವರ್, ಅಂದರೆ ಗಾಳಿ ಊದುವ ಫ್ಯಾನ್, ತಿರುಗಿದಾಗ ಮೊದಲು ಮೂಗಿಗೆ ಬರುವುದು ಅದೇ.

ಮೊದಲು ಎಸಿ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿ ಇಳಿಸಿದರೆ ಮುಚ್ಚಳ ಕಾಣುತ್ತದೆ. ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ಕೆಲವು ಕಡಿಮೆ ದರದ ಮಾದರಿಗಳಿಗೆ ಕಂಪನಿಯಿಂದ ಫಿಲ್ಟರೇ ಬರುವುದಿಲ್ಲ, ಖಾಲಿ ಗೂಡಷ್ಟೇ ಇರುತ್ತದೆ. ಅಂಥವರು ಒಂದು ತಂದು ಹಾಕಿಸಿಕೊಳ್ಳಿ, ಕೆಲವು ನೂರು ರೂಪಾಯಿಯ ಮಾತು. ಇಲ್ಲಿಯ ಧೂಳಿಗೆ 5,000 ಕಿ.ಮೀ.ಗೊಮ್ಮೆ ತೆಗೆದು ಕೊಡವಿ, 10,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಬದಲಿಸುವುದು ಸರಿ. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಮಡಿಕೆ ಅಂಟಿಕೊಂಡು ಗಾಳಿಯೇ ನಿಲ್ಲುತ್ತದೆ. ಹೊಸದನ್ನು ಕೂರಿಸುವಾಗ ಅಂಚಿನ ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಲಿ. ಫಿಲ್ಟರಿನಲ್ಲಿ ಕಡಿದ ಕಾಗದ, ಶೇಂಗಾ ಸಿಪ್ಪೆ, ಹಿಕ್ಕೆ ಕಂಡರೆ ಇಲಿ ಹೊಕ್ಕಿದೆ ಎಂದೇ ಅರ್ಥ. ಆಗ ಬ್ಲೋವರ್ ಮೋಟಾರನ್ನೂ ಇಳಿಸಿ ನೋಡಲೇಬೇಕು, ಸತ್ತ ಇಲಿಗೆ ಯಾವ ಸ್ಪ್ರೇಯೂ ನಾಟುವುದಿಲ್ಲ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಂಗಾಮಿನಲ್ಲಿ ಓಡಾಡುವ ಕಾರುಗಳದ್ದು ಬೇರೆಯೇ ಕತೆ. ಅಲ್ಲಿ ಹೊರಗಾಳಿ ಬಂದ್ ಮಾಡಿ ಒಳಗಾಳಿಯಲ್ಲೇ ಎಸಿ ನಡೆಸಿ. ಘಾಟು ಹಿಡಿದ ಫಿಲ್ಟರಿಗೆ ಏರ್ ಗನ್ ಹೊಡೆಯುವ ಸಾಹಸ ಬೇಡ, ನೇರ ಬದಲಿಸಿ.

ಇನ್ನು ನೀರಿನ ಪೈಪು. ಮಳೆಗಾಲದಲ್ಲಿ ಎಸಿ ಹಾಕಿ ಹತ್ತು ನಿಮಿಷ ನಿಂತಲ್ಲೇ ಬಿಟ್ಟರೆ ಕಾರಿನ ಕೆಳಗೆ ಟಪಟಪ ಹನಿ ಬೀಳಬೇಕು. ಬೇಸಿಗೆಯ ಒಣಹವೆಯಲ್ಲಿ ಹನಿ ಕಡಿಮೆಯಾದರೆ ಗಾಬರಿ ಬೇಡ. ಜುಲೈನಲ್ಲಿ ಒಂದೂ ಬೀಳದಿದ್ದರೆ ಪೈಪು ಕಟ್ಟಿದೆ. ತಿರುವಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ನೀರು ಕುಲುಕಿದ ಸದ್ದು, ಪಕ್ಕದ ಸೀಟಿನ ಕಾಲಡಿ ಮ್ಯಾಟ್ ಒದ್ದೆ, ಇವು ಅದರದೇ ಲಕ್ಷಣ. ಕೆಳಗಿನಿಂದ ಮೆತ್ತನೆಯ ಪ್ಲಾಸ್ಟಿಕ್ ತಂತಿ ತುಸುವೇ ತೂರಿಸಿ ಕೆಸರು ಬಿಡಿಸಿ. ಗಟ್ಟಿ ತಂತಿ ಚುಚ್ಚಿದರೆ ಕಾಯಿಲ್ ತೂತಾದೀತು. ಗ್ಯಾರೇಜಿನ ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟರೆ ಒಳಗೆ ಪೈಪೇ ಕಳಚಬಹುದು. ಒದ್ದೆಯಾದ ಕಾರ್ಪೆಟ್ಟನ್ನು ಮೇಲಿಂದ ಒರೆಸಿದರೆ ಸಾಲದು. ಅಡಿಯ ದಪ್ಪ ಪದರ ನೀರು ಹಿಡಿದಿರುತ್ತದೆ, ಎತ್ತಿ ಬಿಸಿಲಿಗೆ ಒಣಗಿಸಬೇಕು. ಬೇವಿನ ಮರದಡಿ ಕಾರು ನಿಲ್ಲಿಸುವವರು ವೈಪರ್ ಬುಡದ ಜಾಲರಿಯಲ್ಲಿ ಕೊಳೆತ ಎಲೆಯನ್ನೂ ತೆಗೆಯಲಿ, ಹೊರಗಾಳಿ ಒಳಬರುವುದು ಅಲ್ಲಿಂದಲೇ.

ಇಷ್ಟಾದರೂ ವಾಸನೆ ಉಳಿದರೆ ಕಾಯಿಲ್ ತೊಳೆಯಬೇಕು. ಅದಕ್ಕೆಂದೇ ಫೋಮ್ ಕ್ಲೀನರ್ ಸಿಗುತ್ತದೆ. ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು, ಡಬ್ಬಿಯ ಉದ್ದ ನಳಿಗೆಯನ್ನು ನೀರಿನ ಪೈಪಿನಿಂದ ಮೇಲಕ್ಕೆ, ಇಲ್ಲವೇ ಬ್ಲೋವರ್ ರೆಸಿಸ್ಟರ್ (ಫ್ಯಾನಿನ ವೇಗ ಹೆಚ್ಚು ಕಡಿಮೆ ಮಾಡುವ ಭಾಗ) ಬಿಚ್ಚಿದ ಕಿಂಡಿಯಿಂದ ಕಾಯಿಲ್ ಕಡೆಗೆ ತೂರಿಸಿ ಬಿಡಬೇಕು. 15-20 ನಿಮಿಷದಲ್ಲಿ ಫೋಮ್ ಕರಗಿ ಕೊಳೆ ಸಮೇತ ಕೆಳಗಿಳಿಯುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ, ಬಾಗಿಲು ತೆರೆದು, ಎಸಿ ಬಂದ್ ಇಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹತ್ತು ನಿಮಿಷ ಓಡಲಿ. ಇದನ್ನು ಬಯಲಲ್ಲಿ ಮಾಡಿ, ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಹೊಗೆ ಪ್ರಾಣಕ್ಕೆ ಕುತ್ತು. ಪೈಪು ಕಟ್ಟಿದ್ದಾಗ ಫೋಮ್ ಬಿಟ್ಟರೆ ಎಲ್ಲ ಕಾಲಡಿಗೆ ಹರಿಯುತ್ತದೆ. ಆದ್ದರಿಂದ ಪೈಪಿನ ಕೆಲಸ ಮೊದಲು. ಫಿನಾಯಿಲ್, ಬ್ಲೀಚಿಂಗ್ ಪುಡಿ ನೀರು, ಆ್ಯಸಿಡ್ ಯಾವುದೂ ಬೇಡ. ಬ್ಲೀಚಿಂಗ್ ಪುಡಿ, ಆ್ಯಸಿಡ್ ಅಲ್ಯೂಮಿನಿಯಂ ತಿಂದರೆ ಎಸಿ ತಂಪು ಮಾಡುವ ಗ್ಯಾಸ್ ಸೋರೀತು.

ವಾಸನೆ ಮರುಕಳಿಸದಿರಲು, ಮನೆ ಮುಟ್ಟುವ ನಾಲ್ಕೈದು ನಿಮಿಷ ಮೊದಲೇ, ನವನಗರದವರಾದರೆ ಉಣಕಲ್ ದಾಟುವಾಗ ಎನ್ನಿ, ಎಸಿ ಗುಂಡಿ ಬಂದ್ ಮಾಡಿ ಹೊರಗಾಳಿಯಲ್ಲಿ ಬ್ಲೋವರ್ ಮಾತ್ರ ಓಡಿಸಿ. ಕಾಯಿಲ್ ಒಣಗುತ್ತದೆ.

ಎಲ್ಲ ವಾಸನೆಯೂ ಬೂಸ್ಟಿನದ್ದಲ್ಲ. ಸಿಹಿ ವಾಸನೆ ಬಂದು, ಗಾಜಿನ ಒಳಮೈಗೆ ಜಿಡ್ಡು ಮಂಜು ಕಟ್ಟಿ, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದ್ದರೆ ಹೀಟರ್ ಕಾಯಿಲ್ ಸೋರುತ್ತಿದೆ. ಸುಟ್ಟ ವಾಸನೆಯೆಂದರೆ ಬ್ಲೋವರ್ ಮೋಟಾರ್ ಇಲ್ಲವೇ ವೈರಿಂಗ್. ಪೆಟ್ರೋಲ್ ಅಥವಾ ಸೈಲೆನ್ಸರ್ ಹೊಗೆಯ ವಾಸನೆ ಬಂದರೆ ಕಿಟಕಿ ಇಳಿಸಿ, ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ.

ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು. ಹಳೇ ಫಿಲ್ಟರನ್ನು ಗಿರಾಕಿಯ ಕೈಗೆ ಕೊಟ್ಟು ತೋರಿಸಿ, ಬಿಲ್ಲಿನಲ್ಲಿ ಕಿ.ಮೀ. ಬರೆಯಿರಿ. ಬರೀ ವಾಸನೆಯ ದೂರಿಗೆ ‘ಗ್ಯಾಸ್ ತುಂಬಿಸಬೇಕು’ ಎನ್ನುವುದು ನ್ಯಾಯವಲ್ಲ. ತಂಪು ಸರಿಯಿದ್ದರೆ ಗ್ಯಾಸಿಗೂ ಮುಗ್ಗಲಿಗೂ ಸಂಬಂಧವಿಲ್ಲ. ಕಾಯಿಲ್ ಹೊರತೆಗೆಯಲೇಬೇಕಾದರೆ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಂಡು, ಪೈಪು ಕೂಡುವಲ್ಲಿನ ರಬ್ಬರ್ ಓ-ರಿಂಗ್ ಹೊಸದು ಹಾಕಿ, ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಕೊಟ್ಟು (ಒಳಗಿನ ಗಾಳಿ, ತೇವ ಎಳೆದು ತೆಗೆದು), ಬಾನೆಟ್ ಕೆಳಗಿನ ಚೀಟಿಯಲ್ಲಿರುವಷ್ಟೇ ಗ್ರಾಂ ತೂಗಿ ತುಂಬಬೇಕು. ತೂಕದ ಯಂತ್ರವಿಲ್ಲದ ಕಡೆ ಈ ಕೆಲಸ ಕೊಡದಿರುವುದೇ ಗಿರಾಕಿಗೆ ಲೇಸು.

– ಕಾರು ಎಸಿ ಮೆಕ್ಯಾನಿಕ್‌ಗಳು, ಗೋಕುಲ ರಸ್ತೆ, ಹುಬ್ಬಳ್ಳಿ