ಜಂಟಿ ಸಮರಾಭ್ಯಾಸ: ವೈರ್‌ಲೆಸ್ ಸಿಬ್ಬಂದಿಗೂ ತರಬೇತಿ ಸಿಗಲಿ

ಮಾನ್ಯರೇ,

ಮಿತ್ರರಾಷ್ಟ್ರಗಳೊಂದಿಗೆ ನಡೆಯುವ ಜಂಟಿ ಸಮರಾಭ್ಯಾಸಗಳ ಫಲ ಕೆಳಹಂತದ ಸೈನಿಕನಿಗೂ ದಕ್ಕಬೇಕು. 1992ರಲ್ಲಿ ಅಮೆರಿಕದೊಂದಿಗೆ ಆರಂಭವಾದ ‘ಮಲಬಾರ್’ ನೌಕಾಭ್ಯಾಸದಲ್ಲಿ ಈಗ ಜಪಾನ್, ಆಸ್ಟ್ರೇಲಿಯಾಗಳೂ ಇವೆ. ಸುರಕ್ಷಿತ ಸಂವಹನಕ್ಕಾಗಿ 2018ರಲ್ಲಿ ಅಮೆರಿಕದೊಡನೆ ಒಪ್ಪಂದವೂ ಆಗಿದೆ. ಆದರೆ ಉಪಕರಣ ಹೊಂದಿಕೊಂಡರಷ್ಟೇ ಸಾಲದು. ಸೇನೆಯ ಸಂವಹನ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದಲ್ಲಿ ದುಡಿದ ನಾನು ಬಲ್ಲೆ: ಗರಗರ ಸದ್ದಿನ ನಡುವೆ ನಕ್ಷೆಯ ಒಂದೇ ಒಂದು ಅಂಕಿ ತಪ್ಪಾಗಿ ಕೇಳಿಸಿದರೂ ತುಕಡಿ ಬೇರೆಯೇ ಗುಡ್ಡಕ್ಕೆ ಹೋಗಿ ನಿಲ್ಲುತ್ತದೆ. ಅತ್ತ ಕಡೆಯವರ ಉಚ್ಚಾರಣೆಯೂ ಹೊಸದಾದರೆ ಅಪಾಯ ಇಮ್ಮಡಿ. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ, ಇಂದಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ಅಶ್ವದಳದೊಂದಿಗೆ ಸೇರಿ ಹೋರಾಡಿದ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ನ ಊರಿನವರು ನಾವು. ಹೊಂದಾಣಿಕೆಯ ಬೆಲೆ ನಮಗೆ ತಿಳಿಯದ್ದೇನಲ್ಲ. ಪ್ರತಿ ಅಭ್ಯಾಸಕ್ಕೂ ಮುನ್ನ ಎರಡೂ ಕಡೆಯ ವೈರ್‌ಲೆಸ್ ಸಿಬ್ಬಂದಿಗೆ ಕೆಲವು ವಾರ ಒಟ್ಟಿಗೆ ತರಬೇತಿ ನೀಡುವ ವ್ಯವಸ್ಥೆಯನ್ನು ರಕ್ಷಣಾ ಸಚಿವಾಲಯ ಮಾಡಲಿ.

– ಒಬ್ಬ ಮಾಜಿ ಸೈನಿಕ, ಕುವೆಂಪುನಗರ, ಮೈಸೂರು